ಹನಿ ಹಾಕುವ ಕೈ

ಮುಳಬಾಗಿಲು, ೧೬ ಜನವರಿ ೧೯೩೮, ಭಾನುವಾರ

ಇವರ ಎಡಗಣ್ಣು ನಾಲ್ಕು ದಿನದಿಂದ ಕೆಂಪಾಗಿದೆ. ಸರ್ವೆ ಕೆಲಸದವರಿಗೆ ಧೂಳು ಹೊಸದಲ್ಲ, ಏನೋ ಬಿದ್ದಿರಬೇಕು ಎಂದುಕೊಂಡೆವು. ಅತ್ತೆ ಪಕ್ಕದ ಮನೆಯ ಬಾಣಂತಿಯಿಂದ ಒಳಲೆಯಲ್ಲಿ ಹಾಲು ಇಸಿದುಕೊಂಡು ಬಂದು ಕಣ್ಣಿಗೆ ಬಿಟ್ಟರು. ಬೇಡ ಎಂದೆ.

"ಹೆತ್ತು ಹಾಲೂಡಿದೋಳ ಹಾಗೆ ಮಾತಾಡ್ತೀಯಲ್ಲೇ" ಎಂದರು.

ಮಗು ಹೋಗಿ ಎರಡು ವರ್ಷವಾಯಿತು. ಏಳು ತಿಂಗಳಿಗೇ ಹುಟ್ಟಿತು, ಅಳಲೇ ಇಲ್ಲ. ಅತ್ತೆಗೆ ಮಾತ್ರ ಆ ಮಾತು ಇನ್ನೂ ನಾಲಿಗೆಯ ತುದಿಯಲ್ಲೇ ಇದೆ.

ಇವತ್ತು ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗಾಗುತ್ತದೆ ಎಂದು ಇವರು ಗೋಡೆಯ ಕಡೆ ತಿರುಗಿ ಕುಳಿತುಬಿಟ್ಟರು. ಪೇಟೆಯ ಡಾಕ್ಟರು ವೆಂಕಟರಮಣಪ್ಪನವರ ಹತ್ತಿರ ಕರೆದುಕೊಂಡು ಹೋದೆ. ದೀಪ ಹಿಡಿದು ನೋಡಿದರು.

"ಇದು ಮೇಲಿನ ಕೆಂಪಲ್ಲಮ್ಮ. ಪಾಪೆ ಸುತ್ತ ಇರೋ ಪೊರೆಗೇ ಉರಿ ಹತ್ತಿದೆ. ಈ ಹನಿ ದಿನಕ್ಕೆ ಮೂರು ಸಲ ಬೀಳಬೇಕು. ಪಾಪೆ ಅಗಲವಾಗೇ ಇರಬೇಕು. ಚಿಕ್ಕದಾಗೋಕೆ ಬಿಟ್ರೆ ಒಳಗೆ ಅಂಟ್ಕೊಂಡು ಕೂತುಬಿಡುತ್ತೆ, ಆಮೇಲೆ ಯಾರ ಕೈಲೂ ಬಿಡಿಸೋಕಾಗಲ್ಲ."

ಆಮೇಲೆ ನನ್ನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿಕೊಂಡರು. ಕಾಲು ಗಂಟೆಯಾಯಿತು. ಇವರು ಹೊರಗೆ ಬಂದಾಗ ಕಿವಿಯೆಲ್ಲ ಕೆಂಪಾಗಿತ್ತು. ದಾರಿಯಲ್ಲಿ ಏನು ಕೇಳಿದರು ಎಂದೆ.

"ಏನೇನೋ ಕೇಳಿದ್ರು" ಎಂದರು, ಅಷ್ಟೇ.

೨೮ ಜನವರಿ

ಹನಿ ಹಾಕುವುದು ಈಗ ನನ್ನ ಕೆಲಸ. ತಾವೇ ಹಾಕಿಕೊಂಡರೆ ಅದು ಕೆನ್ನೆಗೆ ಇಳಿದುಹೋಗುತ್ತದೆ. ಆರು ವರ್ಷದಿಂದ ಬೆನ್ನು ಹಿಡಿದುಕೊಂಡಿದೆ, ಎರಡು ವರ್ಷದಿಂದ ಕುತ್ತಿಗೆಯೂ ಹಿಂದಕ್ಕೆ ಬಾಗುವುದಿಲ್ಲ. ಮಲಗಿದರೂ ತಲೆ ದಿಂಬಿಗೆ ಆನದೆ ಮುಂದಕ್ಕೇ ನಿಂತಿರುತ್ತದೆ. ಮೂವತ್ತೊಂದು ವರ್ಷದ ಗಂಡಸು, ಬೆಳಿಗ್ಗೆ ಏಳುವಾಗ ಮುದುಕನ ಹಾಗೆ ಗೋಡೆ ಹಿಡಿಯುತ್ತಾರೆ. ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ, ಕೂತರೆ ಮತ್ತೆ ಬಿಗಿಯುತ್ತದೆ. ಇಂಥ ವಿಚಿತ್ರದ ನೋವನ್ನು ನಾನು ಕಂಡಿಲ್ಲ.

ಕೆಳರೆಪ್ಪೆಯನ್ನು ಬಟ್ಟಲ ಹಾಗೆ ಎಳೆದು ಒಂದು ಹನಿ ಬಿಡುತ್ತೇನೆ. "ಬಿತ್ತಾ?" ಎನ್ನುತ್ತಾರೆ. "ಬಿತ್ತು" ಎನ್ನುತ್ತೇನೆ. ಪಾಪೆ ದೊಡ್ಡ ನೇರಳೆಹಣ್ಣಿನ ಹಾಗಾಗಿದೆ. ಅದರಲ್ಲಿ ನನ್ನ ಮುಖ ಕಾಣುತ್ತದೆ ಎಂದೆ. "ಹಾಗಾದ್ರೆ ವಾಸಿಯಾಗೋದೇ ಬೇಡ" ಎಂದು ನಕ್ಕರು. ಮದುವೆಯಾಗಿ ಏಳು ವರ್ಷದಲ್ಲಿ ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಲಿಲ್ಲ.

೨೦ ಫೆಬ್ರವರಿ

ಕಣ್ಣು ವಾಸಿಯಾಯಿತು. ಓದಲು, ನಕಾಸೆ ಬರೆಯಲು ಅಡ್ಡಿಯಿಲ್ಲ. ನಾಳೆಯಿಂದ ನಂಗಲಿ ಕಡೆ ಹದಿನೈದು ದಿನ ಕ್ಯಾಂಪು. ಅಳತೆಯ ಸರಪಳಿ ಹಿಡಿಯುವ ಗಂಗುಲಪ್ಪ ಬಂದು ಪೆಟ್ಟಿಗೆ ತೆಗೆದುಕೊಂಡು ಹೋದ. ಚಟ್ನಿಪುಡಿ, ತಿಳಿಸಾರಿನ ಪುಡಿ ಕಟ್ಟಿಕೊಟ್ಟೆ.

ಕೋಲಾರ, ೩ ಏಪ್ರಿಲ್

ಯುಗಾದಿಗೆಂದು ಅಣ್ಣನ ಮನೆಗೆ ಬಂದೆ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಅಣ್ಣ ವೆಂಕಟೇಶ ಇಲ್ಲಿ ವಕೀಲ. ಡಾಕ್ಟರು ವೆಂಕಟರಮಣಪ್ಪ ಅವನ ಜೊತೆ ಓದಿದವರು, ಮೊನ್ನೆ ಯಾವುದೋ ಸಾಕ್ಷಿ ಹೇಳಲು ಕೋರ್ಟಿಗೆ ಬಂದಿದ್ದರಂತೆ. ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದು, ಬಾವಿಯ ಕಡೆ ನೋಡುತ್ತ ಕೇಳಿದ.

"ಭಾವ ಕ್ಯಾಂಪಿಗೆ ಹೋದಾಗ ಎಲ್ಲಿ ಇಳಕೊಳ್ತಾರೆ?"

"ಚಾವಡೀಲಿ. ಯಾಕಣ್ಣ?"

"ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ ಶಾಮಲಾ. ಈ ವಯಸ್ಸಿಗೆ ಕೀಲು ಹಿಡಿಯೋದು, ಜೊತೆಗೆ ಕಣ್ಣೊಳಗೆ ಉರಿ. ಎರಡೂ ಒಟ್ಟಿಗೆ ಬಂದ್ರೆ ಅದು ಪರಸಂಗದ ಕಾಯಿಲೆ ಅಂತಾರೆ ಡಾಕ್ಟರು. ಮನೇಲಿ ಕೂತೋರಿಗೆ ಬರೋದಲ್ಲ."

ಬಾವಿಕಟ್ಟೆ ಹಿಡಿದು ಕೂತೆ.

"ಬೆಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಅಂದ್ರೆ ಭಾವ ಸಿಟ್ಟು ಮಾಡ್ಕೊಂಡು ಎದ್ದುಬಂದ್ರಂತೆ. ತಪ್ಪಿಲ್ಲದೋನು ಯಾಕೆ ಎದ್ದು ಬರ್ತಾನೆ, ನೀನೇ ಹೇಳು." ಆಮೇಲೆ ದನಿ ತಗ್ಗಿಸಿ, "ನಿನ್ನ ಮಗು ಹೋಯ್ತಲ್ಲ, ಅದೂ ಇದರಿಂದಲೇ ಇರಬಹುದಂತೆ. ಅಂಥವರ ಮಕ್ಕಳು ಹೊಟ್ಟೇಲೇ ಹೋಗ್ತವಂತೆ" ಎಂದ.

ಅತ್ತಿಗೆ ಒಳಗಿನಿಂದ ಒಬ್ಬಟ್ಟಿಗೆ ಕರೆಯುತ್ತಿದ್ದಳು. ಹೋಗಿ ಎರಡು ತಿಂದೆ.

ಶ್ರೀನಿವಾಸಪುರ, ೧೫ ಮೇ

ಅಮ್ಮನ ಮನೆಯಲ್ಲಿದ್ದೇನೆ. ಊರ ಸುತ್ತ ಮಾವಿನಕಾಯಿ ಇಳಿಸುತ್ತಿದ್ದಾರೆ. ಬೀದಿಯೆಲ್ಲ ಹುಲ್ಲು, ಬುಟ್ಟಿ, ಗಾಡಿ. ಅಮ್ಮನಿಗೆ ಅರ್ಧ ಹೇಳಿದೆ, ಇನ್ನರ್ಧವನ್ನು ಅವಳೇ ತಿಳಿದುಕೊಂಡಳು.

"ಕ್ಯಾಂಪು ತಿರುಗೋ ಗಂಡಸರ ವಿಷಯ ಕೆದಕಬಾರದು ಕಣೇ. ಬಾಯಿ ಮುಚ್ಕೊಂಡು ಹೋಗಿ ಸಂಸಾರ ಮಾಡು. ಊಟ ಬಟ್ಟೆಗೆ ಕಮ್ಮಿ ಮಾಡಿದಾನಾ?"

ಸಂಜೆ ತೋಟದ ಬೇಲಿಯ ಹತ್ತಿರ ಹೋಗಿ ನಿಂತೆ, ಮಗುವನ್ನು ಮಣ್ಣು ಮಾಡಿದ ಕಡೆ. ಮೊದಲೆಲ್ಲ ಅಲ್ಲಿ ನಿಂತರೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆರನೆಯ ತಿಂಗಳಿನಲ್ಲಿ ಹಂಡೆ ಎತ್ತಿದೆ, ಅದಕ್ಕೇ ಹೀಗಾಯಿತು ಎಂದು. ಇವತ್ತು ಬೈದುಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಮೈ ಹಗುರವಾಯಿತು.

ಮುಳಬಾಗಿಲು, ೧೨ ಜೂನ್

ಬಂದು ಹತ್ತು ದಿನವಾಯಿತು. ಅಡಿಗೆಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತೇನೆ. ಆ ಮನುಷ್ಯನ ತಟ್ಟೆ, ಲೋಟ, ಟವಲು ಬೇರೆ ಇಟ್ಟಿದ್ದೇನೆ. ಬೂದಿ ಹಾಕಿ ಎರಡು ಸಲ ತೊಳೆಯುತ್ತೇನೆ.

"ಮೈ ಹುಷಾರಿಲ್ಲವೇನೇ?" ಎಂದು ಕೇಳಿದರು. ವ್ರತ ಇದೆ ಎಂದೆ. ಯಾವ ವ್ರತ ಎಂದು ಕೇಳಲಿಲ್ಲ. ಕೇಳುವ ಮುಖ ಇದ್ದರೆ ತಾನೆ.

ಬೆಳಗಿನ ಜಾವ ಮೂರಕ್ಕೇ ಎದ್ದು ಅಂಗಳದಲ್ಲಿ ಓಡಾಡುವ ಸದ್ದು ಕೇಳುತ್ತದೆ. ಅತ್ತೆ "ಪಾಪ, ಬೆನ್ನು" ಎನ್ನುತ್ತಾರೆ. ಬೆನ್ನಂತೆ! ಮನೆಯಲ್ಲಿ ಕೂತರೆ ಹೆಚ್ಚಾಗಿ, ಕ್ಯಾಂಪಿಗೆ ಹೋದರೆ ಕಡಿಮೆಯಾಗುವ ನೋವು ಎಂಥದೆಂದು ಈಗ ಗೊತ್ತಾಯಿತು.

೨೬ ಜೂನ್

ಗಂಗುಲಪ್ಪ ನಕಾಸೆ ಸುರುಳಿ ಕೊಡಲು ಬಂದಿದ್ದ. ಮಜ್ಜಿಗೆ ಕೊಟ್ಟು ಮೆಲ್ಲಗೆ ಕೇಳಿದೆ.

"ನಂಗಲೀಲಿ ಅಯ್ಯನೋರಿಗೆ ರಾತ್ರಿ ನಿದ್ದೆ ಬರುತ್ತಾ?"

"ಎಲ್ಲಿ ನಿದ್ದೆ ಅಮ್ಮಾವ್ರೇ! ಮಧ್ಯರಾತ್ರಿ ಕಳೀತು ಅಂದ್ರೆ ಎದ್ದುಬಿಡ್ತಾರೆ. ತಿರುಗಾಡ್ತಾರೆ."

"ಯಾವ ಕಡೆ?"

"ರಸ್ತೆ ಕಡೆ. ಲಾರಿಗಳು ನಿಲ್ತವಲ್ಲ, ಆ ಟೀ ಅಂಗಡಿ ಗುಡಿಸಲುಗಳ ತನಕ ಹೋಗಿ ಬರ್ತಾರೆ. ನಾನೂ..."

"ಸಾಕು, ಹೋಗು" ಎಂದೆ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿ ಹೋದ. ಇನ್ನೇನು ಬೇಕು? ಆ ಗುಡಿಸಲುಗಳಲ್ಲಿ ಏನು ನಡೆಯುತ್ತದೆ ಎಂದು ಇಡೀ ತಾಲ್ಲೂಕಿಗೆ ಗೊತ್ತು.

೩೧ ಜುಲೈ

ಈ ಸಲ ಬಲಗಣ್ಣು. ದುರ್ಬೀನಿಗೆ ಇಡುವ ಕಣ್ಣು. ಅತ್ತೆ ಊರಿನಲ್ಲಿಲ್ಲ, ಮಗಳ ಬಾಣಂತನಕ್ಕೆ ಹೋಳೂರಿಗೆ ಹೋಗಿದ್ದಾರೆ. ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಅದೇ ಹನಿ ತಂದರು. ಬಾಟಲಿಯನ್ನು ನನ್ನ ಮುಂದೆ ಇಟ್ಟು ನಿಂತರು. ಹಾಕು ಎನ್ನಲೂ ಇಲ್ಲ.

ಹಾಕಿದೆ. ಆಮೇಲೆ ಸೀಗೆಪುಡಿ ಹಾಕಿ ಕೈ ತೊಳೆದೆ.

೩ ಆಗಸ್ಟ್

ಬೆಳಿಗ್ಗೆ ಹಾಕಿದೆ. ಮಧ್ಯಾಹ್ನ ಮರೆತೆ. ರಾತ್ರಿಯೂ ಮರೆತೆ.

ಮರೆಯಲಿಲ್ಲ.

೭ ಆಗಸ್ಟ್

ಹಾಕುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಆ ಮಾತನ್ನು ನಾನು ಬಾಯಲ್ಲಿ ಆಡಲಾರೆ. ಅದಕ್ಕೆ ಇವತ್ತು ಕುದಿಸಿ ಆರಿಸಿದ ನೀರನ್ನು ಹಾಕಿದೆ. ಶುದ್ಧವಾದ ನೀರೇ. ನೀರಿನಿಂದ ಕಣ್ಣಿಗೆ ಕೆಟ್ಟದ್ದೇನೂ ಆಗುವುದಿಲ್ಲ.

"ಬಿತ್ತಾ?" ಎಂದರು.

"ಬಿತ್ತು."

೧೨ ಆಗಸ್ಟ್

ನೀರು, ಮೂರು ಸಲ.

೧೫ ಆಗಸ್ಟ್

ನೀರು. ತಲೆನೋವು ತಡೆಯಲಾಗುವುದಿಲ್ಲ ಎಂದು ಟವಲನ್ನು ತಲೆಗೆ ಬಿಗಿದು ಕಟ್ಟಿಕೊಂಡಿದ್ದರು. ನನ್ನ ಮಗು ಒಂದು ಸಲ ಅಳುವಷ್ಟು ಕಾಲವೂ ಬದುಕಲಿಲ್ಲ. ಈ ಮನುಷ್ಯನಿಗೆ ತಲೆನೋವು.

೨೪ ಆಗಸ್ಟ್

ಮಂಜು ಮುಸುಕಿದ ಹಾಗಿದೆ, ಬೆರಳು ಎಣಿಸಲಾಗುವುದಿಲ್ಲ ಎನ್ನುತ್ತಾರೆ. ಪಾಪೆ ಸಾಸಿವೆ ಕಾಳಿನಷ್ಟಾಗಿದೆ, ಅದೂ ದುಂಡಗಿಲ್ಲ. ಇನ್ನೊಂದು ಸಲ ಡಾಕ್ಟರ ಹತ್ತಿರ ಹೋಗಲೇ ಎಂದು ನನ್ನನ್ನು ಕೇಳಿದರು. ನಿಮ್ಮಿಷ್ಟ ಎಂದೆ. ಹೋಗಲಿಲ್ಲ.

ಇವತ್ತು ಬಟ್ಟೆ ಒಗೆದೆ, ಉಪ್ಪಿನಕಾಯಿ ಜಾಡಿ ಬಿಸಿಲಿಗಿಟ್ಟೆ. ಮನಸ್ಸು ನೆಮ್ಮದಿಯಾಗಿದೆ.

೨೯ ಆಗಸ್ಟ್

ಅತ್ತೆ ಹೋಳೂರಿನಿಂದ ಬಂದವರೇ ಮಗನ ಮುಖ ನೋಡಿ ಗೋಳೋ ಎಂದರು. "ಏಮೈಂದಿ ನಾಯನಾ, ಕಣ್ಣು ಹಿಂಗ್ಯಾಕಾಯ್ತು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ತಿಂಗಳಾದರೂ ಕುತ್ತಿಗೆಯ ತನಕ ಔಷಧಿ ಇತ್ತು. ನನ್ನ ಕಡೆ ತಿರುಗಿದರು, ಏನೂ ಕೇಳಲಿಲ್ಲ.

ಬೆಂಗಳೂರಿಗೆ ಹೋಗಲೇಬೇಕು ಎಂದು ಹಟ ಹಿಡಿದಿದ್ದಾರೆ. ಹೋಗಲಿ. ಅಲ್ಲಿ ರಕ್ತ ತೆಗೆಯುತ್ತಾರೆ, ಎಲ್ಲ ಬಯಲಾಗುತ್ತದೆ. ನಾನೂ ಹೋಗುತ್ತೇನೆ. ನನ್ನ ಕಿವಿಯಿಂದಲೇ ಕೇಳಬೇಕು.

ಬೆಂಗಳೂರು, ೧೪ ಸೆಪ್ಟೆಂಬರ್

ಐದು ದಿನದಿಂದ ಛತ್ರದಲ್ಲಿದ್ದೇವೆ. ಗಂಗುಲಪ್ಪನೂ ಜೊತೆಗೆ ಬಂದಿದ್ದಾನೆ. ರಕ್ತ ತೆಗೆದರು, ಬೆನ್ನಿನ ಫೋಟೋ ತೆಗೆದರು. ಇವತ್ತು ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ವಯಸ್ಸಾದವರು.

ಇವರನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹಿಮ್ಮಡಿ ತಾಗಿತು, ತಲೆ ತಾಗಲಿಲ್ಲ. ತಲೆಗೂ ಗೋಡೆಗೂ ನಡುವೆ ತಮ್ಮ ಕೈಯಿಟ್ಟು ಅಳೆದರು. ನಾಲ್ಕು ಬೆರಳು. ಫೋಟೋವನ್ನು ಕಿಟಕಿಗೆ ಹಿಡಿದು ನನಗೂ ತೋರಿಸಿದರು. ಬೆನ್ನುಮೂಳೆ ಬಿಡಿಬಿಡಿಯಾಗಿ ಕಾಣದೆ ಬಿದಿರಿನ ಗಳದ ಹಾಗೆ ಒಂದೇ ಆಗಿತ್ತು.

"ಕೀಲುಗಳು ಉರಿದು ಉರಿದು ಒಂದಕ್ಕೊಂದು ಬೆಸ್ಕೊಂಡಿವೆ. ಈ ಕಾಯಿಲೆ ಇರೋರಲ್ಲಿ ಕೆಲವರಿಗೆ ಅದೇ ಉರಿ ಕಣ್ಣೊಳಗೂ ಬರುತ್ತೆ. ಒಂದು ಸಲ ಈ ಕಣ್ಣು, ಇನ್ನೊಂದು ಸಲ ಆ ಕಣ್ಣು. ಯಾಕೆ ಅಂತ ಕೇಳಬೇಡಿ, ನಮಗೂ ಗೊತ್ತಿಲ್ಲ. ಮಲಗಿದ್ರೆ ಬೆನ್ನು ಬಿಗಿಯುತ್ತೆ, ನಡೆದ್ರೆ ಬಿಡುತ್ತೆ, ಅಲ್ವಾ?"

"ಹೌದು" ಎಂದರು ಇವರು.

ನನ್ನ ಬಾಯಿ ತಾನಾಗಿ ತೆರೆಯಿತು. "ಇದು ಬೇರೆ... ಬೇರೆ ರೀತಿಯಿಂದ ಬರೋದು ಅಂತ..."

"ಹಾಗೆ ಹೇಳೋ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ರಕ್ತದಲ್ಲಿ ಏನೂ ಇಲ್ಲಮ್ಮ. ಬೇರೆ ಪರೀಕ್ಷೆನೂ ಮಾಡಿದೀವಿ, ಏನೂ ಇಲ್ಲ. ನಿಮ್ಮ ಯಜಮಾನರ ಮೇಲೆ ಆ ಮಾತು ಬೇಡ."

"ಮಗು ಹೋಯಿತು..."

"ಮಗೂಗೂ ಇದಕ್ಕೂ ಸಂಬಂಧ ಇಲ್ಲ."

ಆಮೇಲೆ ಬಲಗಣ್ಣಿಗೆ ದೀಪ ಹಿಡಿದರು. ತುಂಬ ಹೊತ್ತು ನೋಡಿದರು.

"ಇದಕ್ಕೆ ಹನಿ ಕೊಟ್ಟಿರಲಿಲ್ವಾ?"

"ಕೊಟ್ಟಿದ್ರು" ಎಂದರು ಇವರು.

"ಹಾಕಿದ್ರೆ ಹೀಗೆ ಅಂಟ್ಕೋತಿರಲಿಲ್ಲ. ಯಾರು ಹಾಕ್ತಿದ್ದೋರು?"

"ನಾನೇ ಹಾಕ್ಕೊತಿದ್ದೆ."

ಡಾಕ್ಟರು ದೀಪ ಕೆಳಗಿಟ್ಟರು. ಇವರ ಗದ್ದದ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಎತ್ತಿದರು. ತಲೆ ಅಲುಗಲಿಲ್ಲ.

"ಈ ಕುತ್ತಿಗೆ ಇಟ್ಕೊಂಡು ನೀವೇ ಹಾಕ್ಕೊತಿದ್ರಾ?"

ಡಾಕ್ಟರು ನನ್ನ ಕಡೆ ನೋಡಿದರು. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು, ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಬಲಗಣ್ಣಿನ ಆಸೆ ಬಿಡಿ. ಎಡಗಣ್ಣನ್ನಾದರೂ ಉಳಿಸ್ಕೊಳ್ಳಿ. ಉರಿ ಮತ್ತೆ ಬರುತ್ತೆ."

ಮಾಲೂರು ಸ್ಟೇಷನ್ನು, ೧೫ ಸೆಪ್ಟೆಂಬರ್

ಕೋಲಾರದ ಬಸ್ಸು ಹನ್ನೊಂದಕ್ಕೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಅವರು ಪ್ಲಾಟ್‌ಫಾರಂ ತುದಿಯ ತನಕ ನಡೆದು ನಡೆದು ಬರುತ್ತಿದ್ದಾರೆ. ಈಗ ತಾನೆ ನಡೆದದ್ದನ್ನು ಹಾಗೆಯೇ ಬರೆದಿಡುತ್ತೇನೆ.

ಗಂಗುಲಪ್ಪ ಬಸ್ಸು ವಿಚಾರಿಸಲು ಹೋದಾಗ ಹೇಳಿದೆ. "ನಾನು ಹಾಕಿದ್ದು..."

"ನೀರು" ಎಂದರು. "ಗೊತ್ತು."

"ಹೇಗೆ?"

"ಆ ಔಷಧಿ ಕಣ್ಣಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಗಂಟಲಿಗೆ ಕಹಿ ಇಳಿಯುತ್ತೆ. ಇಪ್ಪತ್ತು ದಿನ ಇಳೀಲಿಲ್ಲ. ಮೊದಲು ಔಷಧಿ ಹಳೇದಿರಬೇಕು ಅಂದ್ಕೊಂಡೆ."

"ಕೇಳಬಾರದಾಗಿತ್ತಾ?"

ಗೂಡ್ಸ್ ಗಾಡಿಯೊಂದು ಬಂತು. ಅದು ಪೂರ್ತಿ ಹೋಗುವ ತನಕ ಕಾದರು.

"ನೀನು ನನ್ನ ಮುಖ ನೋಡೋದು ಬಿಟ್ಟು ತಿಂಗಳುಗಳಾಗಿತ್ತು. ಹನಿ ಹಾಕೋವಾಗ ಮಾತ್ರ ಹತ್ತಿರ ಬರ್ತಿದ್ದೆ. ಕೇಳಿದ್ರೆ ಅದೂ ನಿಂತುಹೋಗುತ್ತೆ ಅನ್ನಿಸ್ತು. ಒಂದು ಎರಡು ದಿನದಲ್ಲಿ ನಿನ್ನ ಸಿಟ್ಟು ಇಳಿಯುತ್ತೆ ಅಂದ್ಕೊಂಡೆ."

ಅಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ನಂಗಲಿಯ ಗುಡಿಸಲಿನ ತನಕ ಹೇಳಿದೆ. ಅಡ್ಡ ಬಾಯಿ ಹಾಕದೆ ಕೇಳಿದರು.

"ಡಾಕ್ಟರು ಕೇಳಿದ್ರು, ನಿಮ್ಮಣ್ಣ ಕೇಳಿದ, ಗಂಗುಲಪ್ಪನ್ನೂ ಕೇಳಿದ್ದೀಯ. ನನ್ನೊಬ್ಬನ್ನ ಮಾತ್ರ ನೀನು ಕೇಳಲಿಲ್ಲ."

ಎದ್ದು ನಡೆಯಲು ಹೋದರು. ಕೂತಿದ್ದಕ್ಕೆ ಬೆನ್ನು ಬಿಗಿದಿರಬೇಕು.

ಮುಳಬಾಗಿಲು, ೨ ಅಕ್ಟೋಬರ್

ಅಣ್ಣನಿಗೆ ಕಾಗದ ಬರೆದಿದ್ದೆ. ಉತ್ತರ ಬಂತು. "ಡಾಕ್ಟರು ಹೇಳಿದ್ದನ್ನು ಹೇಳಿದೆ, ನಿನ್ನ ಹಿತಕ್ಕೇ ಹೇಳಿದೆ. ಏನೂ ಇಲ್ಲವೆಂದು ಗೊತ್ತಾದದ್ದು ಒಳ್ಳೆಯದೇ ಆಯಿತು. ದೀಪಾವಳಿಗೆ ಇಬ್ಬರೂ ಬನ್ನಿ." ಒಲೆಗೆ ಹಾಕಿದೆ.

ಗಂಗುಲಪ್ಪನನ್ನು ಕರೆದು ಅವತ್ತು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಹೇಳು ಎಂದೆ. ಅವನು ತಲೆ ತಗ್ಗಿಸಿ ಹೇಳಿದ.

"ನಾನೂ ಲಾಟೀನು ಹಿಡ್ಕೊಂಡು ಜೊತೇಲೇ ಹೋಗ್ತಿದ್ದೆ ಅಮ್ಮಾವ್ರೇ. ನೋವು ಜಾಸ್ತಿಯಾದ್ರೆ ಆ ಟೀ ಅಂಗಡಿ ಒಲೆ ಮೇಲೆ ಮರಳು ಕ್ಯಾಸಿ ಗಂಟು ಕಟ್ಟಿ ಬೆನ್ನಿಗೆ ಕೊಡ್ತಿದ್ದೆ. ಅಯ್ಯನೋರು ಅಲ್ಲೇ ಗೋಡೆ ಹಿಡ್ಕೊಂಡು ನಿಂತು ಅಳೋರು. ಮನೇಲಿ ಹೇಳಬೇಡ ಕಣೋ, ಅವಳು ಹೆದರ್ಕೊಳ್ತಾಳೆ ಅಂತ ನನ್ನ ಕೈಲಿ ಆಣೆ ಇಡಿಸ್ಕೊಂಡಿದ್ರು."

ಮಗು ಹೋದದ್ದಕ್ಕೆ ಈಗ ಕಾರಣವೇ ಇಲ್ಲ. ಮತ್ತೆ ಹಂಡೆ ಕಣ್ಣೆದುರಿಗೆ ಬರುತ್ತದೆ.

೬ ನವೆಂಬರ್

ಅವರನ್ನು ಸರ್ವೆ ಕೆಲಸದಿಂದ ತೆಗೆದು ಕಚೇರಿಯ ದಫ್ತರಖಾನೆಗೆ ಹಾಕಿದ್ದಾರೆ. ಬೇರೆಯವರು ಬರೆದ ನಕಾಸೆಗಳನ್ನು ಕಟ್ಟು ಕಟ್ಟಿ ಇಡುವ ಕೆಲಸ. ಇಡೀ ದಿನ ಕೂತೇ ಇರಬೇಕು. ಸಂಜೆ ಬಂದರೆ ಚಪ್ಪಲಿ ಬಿಡಲೂ ಬಾಗಲಾಗುವುದಿಲ್ಲ. ನಾನು ಬಿಚ್ಚಲು ಹೋದರೆ "ಇರಲಿ" ಎನ್ನುತ್ತಾರೆ.

ಕಾಫಿ ಚೆನ್ನಾಗಿದೆ ಎನ್ನುತ್ತಾರೆ. ಮೊಸರು ಇದೆಯೇ ಎನ್ನುತ್ತಾರೆ. ಯಾವ ಮಾತಿನಲ್ಲೂ ಮುಳ್ಳಿಲ್ಲ. ಒಂದು ಸಲ ತಟ್ಟೆ ಎತ್ತಿ ನನ್ನ ಮುಖಕ್ಕೆ ಎಸೆದಿದ್ದರೆ ಉಂಡು ಮಲಗುತ್ತಿದ್ದೆ.

ಮಡಿ ನೀರಿಗೆ ಅತ್ತೆಯ ಜೊತೆ ನಾನೂ ಬಾವಿಗೆ ಹೋಗುತ್ತೇನೆ. ಅತ್ತೆಗೆ ಈಗ ಹಗ್ಗ ಎಳೆಯಲಾಗುವುದಿಲ್ಲ, ಕೈ ನಡುಗುತ್ತದೆ.

೨೭ ಡಿಸೆಂಬರ್

ಎಡಗಣ್ಣು ಕೆಂಪಾಗಿದೆ.

ಬೆಳಿಗ್ಗೆ ಕನ್ನಡಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ನಾನು ಓಡಿಹೋಗಿ ಬೆಂಗಳೂರಿನ ಡಾಕ್ಟರು ಕೊಟ್ಟ ಹೊಸ ಬಾಟಲಿ ತಂದೆ. ಕೈ ಮೂರು ಸಲ ತೊಳೆದುಕೊಂಡಿದ್ದೆ. ಹತ್ತಿರ ಹೋಗಿ ರೆಪ್ಪೆಗೆ ಬೆರಳಿಟ್ಟೆ. ಅವರು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದರು. ಜೋರಾಗಿ ಅಲ್ಲ.

"ಬಾಟಲಿ ಅಮ್ಮನಿಗೆ ಕೊಡು."

"ನಾನೇ ಹಾಕ್ತೀನಿ. ದೇವರಾಣೆಗೂ ಇದು ಔಷಧೀನೇ. ಬೇಕಾದ್ರೆ ನಾಲಿಗೆಗೆ ಹಾಕಿ ನೋಡಿ."

"ಅವಾಗ ಎರಡು ಕಣ್ಣಿತ್ತು ಶಾಮಲಾ. ಈಗ ಒಂದೇ ಇರೋದು. ಅಮ್ಮನ್ನ ಕರಿ."

ಕರೆದೆ.

೨೮ ಡಿಸೆಂಬರ್

ಅತ್ತೆಯ ಕೈಯಲ್ಲಿ ನಿಲ್ಲುವುದಿಲ್ಲ. ಒಂದು ಹನಿ ಹುಬ್ಬಿಗೆ, ಒಂದು ಮೂಗಿಗೆ, ಮೂರು ಕೆನ್ನೆಗೆ. ಬೆಳಿಗ್ಗೆ ಒಳಗೆ ಬಿದ್ದದ್ದು ಒಂದೋ ಇಲ್ಲವೋ. ಮಧ್ಯಾಹ್ನ ಗಾಜಿನ ಕೊಳವೆಯ ತುದಿ ಕಣ್ಣಿಗೇ ತಾಗಿತು. ಅವರು ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲಮ್ಮ, ಇನ್ನೊಂದು ಸಲ ಹಾಕು" ಎಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಪಾಪೆ ಇನ್ನೂ ಅಗಲವಾಗಿಲ್ಲ.

ಸಂಜೆ ಹಿತ್ತಿಲಲ್ಲಿ ಅತ್ತೆಯ ಕಾಲು ಹಿಡಿದುಕೊಂಡೆ. "ಅತ್ತೇ, ಆಗಸ್ಟಿನಲ್ಲಿ ನಾನು..."

"ಹೇಳಬೇಡ" ಎಂದರು. "ಆ ಬಾಟಲಿ ನೋಡಿದ ದಿನವೇ ನನಗೆ ಸಂಶಯ ಬಂತು. ನಿನ್ನ ಬಾಯಿಂದ ಕೇಳಿದ್ರೆ ನಿನ್ನ ಕೈ ನೀರು ಕುಡಿಯೋಕಾಗಲ್ಲ. ಏಳು. ನಾಳೆ ಬೆಳಿಗ್ಗೆ ನನ್ನ ಹಿಂದೆ ಬಂದು ನಿಂತ್ಕೋ. ನನ್ನ ಕೈ ಹಿಡ್ಕೋ, ಬಾಯಿ ಬಿಡಬೇಡ."

೨೯ ಡಿಸೆಂಬರ್

ಹೊರಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದೇವೆ. ಅವರು ಗೋಡೆಗೆ ಒರಗಿ ಕೂತಿದ್ದರು. ಅತ್ತೆ ಮುಂದೆ, ನಾನು ಹಿಂದೆ. ಅತ್ತೆ ರೆಪ್ಪೆ ಎಳೆದು ಹಿಡಿದರು. ನಾನು ಅತ್ತೆಯ ಬಲಮಣಿಕಟ್ಟಿನ ಕೆಳಗೆ ಕೈ ಕೊಟ್ಟೆ. ನಡುಕ ನಿಂತಿತು. ಕೊಳವೆ ಕಣ್ಣಿನ ಮೇಲೆ ಬಂತು.

ನನ್ನ ಬಳೆ ಸದ್ದಾಯಿತು.

ಅತ್ತೆ ವಿಧವೆ, ಅವರ ಕೈಯಲ್ಲಿ ಬಳೆಯಿಲ್ಲ. ಸದ್ದು ನನ್ನದೆಂದು ಮಗನಿಗೆ ತಿಳಿಯಿತು, ತಕ್ಷಣ ಕಣ್ಣು ಮುಚ್ಚಿಕೊಂಡರು. ರೆಪ್ಪೆ ಬಿಗಿದದ್ದು ನನಗೆ ಕಂಡಿತು. ಹನಿ ರೆಪ್ಪೆಯ ಮೇಲೆ ಬಿದ್ದು ಗಡ್ಡದ ತನಕ ಇಳಿಯಿತು.

"ಅಮ್ಮಾ, ನೀನೊಬ್ಬಳೇ ಹಾಕು" ಎಂದರು.

೩೦ ಡಿಸೆಂಬರ್

ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು ಬಳೆ ಕಳಚಲು ಹೊರಟೆ. ಅತ್ತೆ ಕೊಡ ಅಲ್ಲೇ ಬಿಟ್ಟು ಓಡಿಬಂದರು. "ಮುತ್ತೈದೆ ಕೈ ಬರಿದು ಮಾಡ್ತಾಳೇನೇ? ಅವನಿನ್ನೂ ಬದುಕಿದಾನೆ!" ಎಂದು ಬೈದು, ತಮ್ಮ ಹಳೆಯ ಸೀರೆಯ ಅಂಚು ಹರಿದು ನನ್ನ ಎರಡು ಕೈಗೂ ಮೊಣಕೈ ತನಕ ಸುತ್ತಿ ಬಿಗಿಯಾಗಿ ಕಟ್ಟಿದರು. ಕಟ್ಟುವಾಗ ಅವರ ಕೈ ನಡುಗುತ್ತಿತ್ತು. ಗಂಟು ಹಾಕಲು ನಾನು ಹಲ್ಲಿನಿಂದ ಒಂದು ತುದಿ ಹಿಡಿದುಕೊಂಡೆ.

ಬರಿಗಾಲಲ್ಲಿ ಒಳಗೆ ಹೋದೆವು. ಅತ್ತೆ ರೆಪ್ಪೆ ಎಳೆದರು. ನಾನು ಉಸಿರು ಹಿಡಿದು ಮಣಿಕಟ್ಟಿಗೆ ಕೈ ಕೊಟ್ಟೆ. ಒಂದೇ ಹನಿ, ಸರಿಯಾಗಿ ಒಳಗೆ ಬಿತ್ತು.

"ಇವತ್ತು ಒಂದೇ ಸಲಕ್ಕೆ ಬಿತ್ತಲ್ಲಮ್ಮ" ಎಂದರು.

"ಹೂಂ ಕಣೋ" ಎಂದರು ಅತ್ತೆ.

ಅವರು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು. ನಾನು ಗೋಡೆ ಸವರಿಕೊಂಡು ಹಿಂದಕ್ಕೆ ಸರಿದು ಹೊರಗೆ ಬಂದೆ. ಅವರಿಗೆ ಗೊತ್ತಾಯಿತೋ ಇಲ್ಲವೋ ತಿಳಿಯದು, ಕೇಳುವ ಹಾಗೂ ಇಲ್ಲ. ಮುಂದಿನ ಹನಿ ಮಧ್ಯಾಹ್ನ ಎರಡು ಗಂಟೆಗೆ. ಅಷ್ಟರಲ್ಲಿ ಅಡಿಗೆ ಮುಗಿಸಬೇಕು.